ಶಿರಂಗಾಲದ ಬಸ್ಸಿನಲ್ಲಿ ಕ್ಲೈಮ್ಯಾಕ್ಸ್ ಹೇಳಬಾರದು!

ಕೊಡಗಿನಲ್ಲಿ ರೈಲಿಲ್ಲ ಸ್ವಾಮಿ! ಜಿಲ್ಲೆಯ ಈ ತುದಿಯಿಂದ ಆ ತುದಿಯವರೆಗೆ ಹುಡುಕಿದರೂ ಒಂದು ಸ್ಟೇಷನ್ ಸಿಕ್ಕುವುದಿಲ್ಲ. ಕಾರು, ಬೈಕು ಇಟ್ಟುಕೊಂಡವರ ಮಾತು ಬಿಡಿ. ಮಿಕ್ಕವರು ಮದುವೆಗೆ ಹೊರಟರೂ ಬಸ್ಸೇ ಹತ್ತಬೇಕು, ಕೋರ್ಟಿಗೆ ಹೊರಟರೂ ಬಸ್ಸೇ, ಸಿನಿಮಾಕ್ಕೆ ಹೊರಟರೂ ಬಸ್ಸೇ. ಹಾಗಾಗಿ ಇಲ್ಲಿಯ ಜನರಿಗೆ ಬಸ್ಸಿನಲ್ಲಿ ಹೇಗೆ ನಡೆದುಕೊಳ್ಳಬೇಕು ಅನ್ನುವುದು ಯಾರೂ ಹೇಳಿಕೊಡದೇ ಬಂದ ವಿದ್ಯೆ. ಆ ವಿದ್ಯೆಯಲ್ಲಿ ಎಂ.ಎ. ಮಾಡಿದವರನ್ನು ನೋಡಬೇಕೇ? ಕುಶಾಲನಗರದಿಂದ ಶಿರಂಗಾಲದ ಕಡೆ ಹೋಗುವ ಬಸ್ಸು ಹತ್ತಿ.

ಶಿರಂಗಾಲ ಎಲ್ಲಿ ಅಂತೀರಾ? ಕುಶಾಲನಗರದಿಂದ ಉತ್ತರಕ್ಕೆ, ಹಾಸನದ ಕಡೆಯ ರಸ್ತೆ ಹಿಡಿಯಿರಿ. ಕೂಡ್ಲೂರು, ಕೂಡುಮಂಗಳೂರು ಆಗುತ್ತದೆ. ಹಾರಂಗಿ ಹೊಳೆ ಕಾವೇರಿಗೆ ಸೇರುವ ಕೂಡಿಗೆ ಆಗುತ್ತದೆ. ಹೆಬ್ಬಾಲೆ, ತೊರೆನೂರು ಆಗುತ್ತದೆ. ಇಪ್ಪತ್ತು ಕಿಲೋಮೀಟರ್ ಆಸುಪಾಸಿನಲ್ಲಿ ಶಿರಂಗಾಲ. ಅಲ್ಲಿಗೆ ಕೊಡಗು ಮುಗಿಯಿತು. ಮುಂದೆ ಹಾಸನ ಜಿಲ್ಲೆಯ ಕೊಣನೂರು, ರಾಮನಾಥಪುರ. ಬಲಗಡೆ ಕಾವೇರಿ, ಅದರಾಚೆ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣದ ಸೀಮೆ. ಕಾವೇರಮ್ಮ ಕೊಡಗಿನ ತವರು ಬಿಟ್ಟು ಹೊರಡುವುದೂ ಇಲ್ಲಿಂದಲೇ. 1956ರ ನವೆಂಬರ್ 1ರವರೆಗೆ ಕೊಡಗು ಬೇರೆಯೇ ರಾಜ್ಯವಾಗಿತ್ತಲ್ಲ, ಆಗ ಶಿರಂಗಾಲ ದಾಟಿದರೆ ರಾಜ್ಯವನ್ನೇ ದಾಟಿದ ಹಾಗೆ!

ಸಿನಿಮಾದವರ ಕೊಡಗು ಬೇರೆ. ಅದರಲ್ಲಿ ಮಂಜು ಇರಬೇಕು, ಕಾಫಿ ತೋಟ ಇರಬೇಕು, ಹೆಂಚಿನ ಬಂಗಲೆ ಇರಬೇಕು, ಬಂಗಲೆಯ ಮುಂದೆ ಒಂದು ಜೀಪು ನಿಂತಿರಬೇಕು. 1979ರಲ್ಲಿ ಭಾರತೀಸುತರ ಕಾದಂಬರಿ ‘ಹುಲಿಯ ಹಾಲಿನ ಮೇವು’ ಚಿತ್ರವಾಗಿ ರಾಜ್‌ಕುಮಾರ್ ಕೊಡವ ಉಡುಪು ತೊಟ್ಟು ಬಂದರು. 2006ರಲ್ಲಿ ‘ಮುಂಗಾರು ಮಳೆ’ಯ ಹುಡುಗ ಮಡಿಕೇರಿಯ ಹುಡುಗಿಯ ಮನೆಗೆ ಬಂದ. ಆ ಮಳೆ ನೋಡಿ ಮರುಳಾಗಿ ಮಡಿಕೇರಿಗೆ ಬಂದ ಜೋಡಿಗಳ ಲೆಕ್ಕ ಲಾಡ್ಜಿನವರನ್ನೇ ಕೇಳಬೇಕು. ಆದರೆ ಶಿರಂಗಾಲದ ಕಡೆ ಯಾವ ಹೀರೋನೂ ಹುಡುಗಿ ಹುಡುಕಿಕೊಂಡು ಬಂದದ್ದನ್ನು ನಾನು ತೆರೆಯ ಮೇಲೆ ನೋಡಿಲ್ಲ. ಇಲ್ಲಿ ಬಂಗಲೆಯೂ ಇಲ್ಲ, ಜೀಪೂ ಇಲ್ಲ. ಬಯಲು. ಭತ್ತ, ಜೋಳ, ಹೊಗೆಸೊಪ್ಪು, ಶುಂಠಿ. ಮಾತು ಅರಕಲಗೂಡು–ಪಿರಿಯಾಪಟ್ಟಣದ ಕನ್ನಡ. “ನಾವೂ ಕೊಡಗಿನೋರೇ ಕಣಣ್ಣ, ಆದ್ರೆ ನಮ್ಮನ್ನ ಕಂಡ್ರೆ ಯಾರೂ ಫೋಟೋ ತೆಗೆಯಲ್ಲ,” ಎಂದು ಒಬ್ಬರು ನನ್ನ ಹತ್ತಿರ ನಗುತ್ತಾ ಹೇಳಿದ್ದುಂಟು.

ಈ ಸಲ ನಾನು ಹೋದದ್ದು 2025ರ ಅಕ್ಟೋಬರ್ 18, ಶನಿವಾರ. ಹಿಂದಿನ ದಿನವಷ್ಟೇ ತಲಕಾವೇರಿಯಲ್ಲಿ ತೀರ್ಥೋದ್ಭವ ಆಗಿತ್ತು. ಬಸ್ಸಿನಲ್ಲಿ ಅರ್ಧ ಜನರ ಕೈಯಲ್ಲಿ ತೀರ್ಥದ ಬಾಟಲು, ಕ್ಯಾನು. ಅರ್ಧ ಜನರ ಬಾಯಲ್ಲಿ ‘ಕಾಂತಾರ’! ಅಕ್ಟೋಬರ್ 2ಕ್ಕೆ ತೆರೆ ಕಂಡಿದ್ದ ‘ಕಾಂತಾರ ಚಾಪ್ಟರ್ 1’ ಇನ್ನೂ ಬಿಸಿ ಬಿಸಿಯಾಗಿತ್ತು.

ಮೊದಲು ಸೀಟಿನ ವಿಚಾರ. ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದು ಕನ್ನಡನಾಡಿನ ಎಲ್ಲ ಬಸ್‌ಸ್ಟ್ಯಾಂಡುಗಳಲ್ಲೂ ನಡೆಯುವ ಆಟ. ಇಲ್ಲಿ ಅದಕ್ಕೊಂದು ಕಾನೂನು ಉಂಟು. ಟವೆಲಿಗೆ ಬೆಲೆ, ಅದರ ಯಜಮಾನ ಕಣ್ಣಿಗೆ ಕಾಣುವ ತನಕ ಮಾತ್ರ. ಟವೆಲ್ ಹಾಕಿ ಟೀ ಕುಡಿಯಲು ಹೋದಿರೋ, ಬಂದು ನೋಡುವಷ್ಟರಲ್ಲಿ ನಿಮ್ಮ ಟವೆಲು ನೀಟಾಗಿ ಮಡಿಸಿ ಕಂಬಿಯ ಮೇಲೆ ನೇತಾಡುತ್ತಿರುತ್ತದೆ. ಎಸೆಯುವುದಿಲ್ಲ, ಕೆಳಗೆ ಬೀಳಿಸುವುದಿಲ್ಲ, ಮಡಿಸಿಟ್ಟಿರುತ್ತಾರೆ! ಆಮೇಲೆ ಜಗಳಕ್ಕೆ ಹೋಗುವ ಮುಖ ನಿಮಗೆ ಎಲ್ಲಿರುತ್ತದೆ ಹೇಳಿ.

ನಿಂತವರ ಕೈಯಲ್ಲಿ ಮಗುವಿದ್ದರೆ ಕೂತವರು ಕೇಳದೇ ಕೈ ಚಾಚುತ್ತಾರೆ. ತಾಯಿ ಯಾರು, ಮಗು ಯಾವ ಜಾತಿ, ಯಾವ ಊರು, ಒಂದೂ ಇಲ್ಲ. ಮಗು ಮಡಿಲಿಗೆ ಬಂದು ಕೂತ ಮೇಲೆಯೇ, “ಯಾವೂರಾಯ್ತವ್ವ?” ಮಕ್ಕಳಿಗೆ ಇರುವ ಈ ಸೌಲಭ್ಯ ಚೀಲಕ್ಕೂ ಉಂಟು. ಶುಂಠಿಯ ಮೂಟೆಗೆ ಮಾತ್ರ ಇಲ್ಲ. ಅದಕ್ಕೆ ಲಗೇಜಿನ ಚಾರ್ಜು, ಮೇಲೆ ಕಂಡಕ್ಟರ ಬೈಗುಳ ಫ್ರೀ.

ಕವಳ ಹಾಕುವವರು ಕಿಟಕಿ ಕಡೆ ಕೂರುವುದು, ಉಗುಳುವ ಮುನ್ನ ಕತ್ತು ಹೊರಗೆ ಹಾಕಿ ಹಿಂದಿನ ಕಿಟಕಿ ತೆರೆದಿದೆಯೋ ಮುಚ್ಚಿದೆಯೋ ನೋಡುವುದು ಕೂಡ ಸಂಪ್ರದಾಯ. ನೋಡದೇ ಉಗುಳುವವರೂ ಇದ್ದಾರೆ. ಅಂಥವರು ಸಾಮಾನ್ಯವಾಗಿ ದೂರದ ಊರಿನವರು ಎಂದು ಶಿರಂಗಾಲದವರ ಅಂಬೋಣ. ದೂರದ ಊರಿನವನಾದ ನಾನು ಸುಮ್ಮನೆ ಕೇಳಿಕೊಂಡೆ.

ಇನ್ನು ಚಿಲ್ಲರೆ. ಕಂಡಕ್ಟರ್ ಟಿಕೆಟಿನ ಹಿಂದೆ ಬಾಕಿ ಬರೆದು ಒಂದು ಸುತ್ತು ಹಾಕಿ ಕೊಡುತ್ತಿದ್ದ ಕಾಲ ನೆನಪಿದೆಯೇ? ಇಳಿಯುವ ಗಡಿಬಿಡಿಯಲ್ಲಿ ಆ ಸುತ್ತು ಮರೆತು ಎಷ್ಟು ಸಂಸಾರಗಳ ಕಾಫಿ ದುಡ್ಡು ಹೋಯಿತೋ! ಈಗ ಕಂಡಕ್ಟರ್ ಕ್ಯೂಆರ್ ಕೋಡ್ ತೋರಿಸುತ್ತಾರೆ, ಹುಡುಗರು ಮೊಬೈಲಿನಲ್ಲಿ ದುಡ್ಡು ಹಾಕುತ್ತಾರೆ. ಆದರೂ ಹಳಬರ ಟಿಕೆಟಿನ ಹಿಂದೆ ಪೆನ್ನಿನ ಸುತ್ತು ಇನ್ನೂ ನಿಂತಿಲ್ಲ. ಕಂಡಕ್ಟರ್ ಕೆಲಸವನ್ನು ಹಗುರ ಅಂತ ಯಾರೂ ತಿಳಿಯಬೇಡಿ. ನೂರು ಜನರ ಮುಖ, ಇಳಿಯುವ ಜಾಗ, ಬಾಕಿ ಚಿಲ್ಲರೆ ಎಲ್ಲ ತಲೆಯಲ್ಲಿಟ್ಟುಕೊಂಡು ನಡುನಡುವೆ ಜೋಕು ಹೊಡೆಯಬೇಕು. ಬೆಂಗಳೂರಿನ ಸಿಟಿ ಬಸ್ಸಿನಲ್ಲಿ ಇದೇ ಕೆಲಸ ಮಾಡುತ್ತಿದ್ದ ಶಿವಾಜಿರಾವ್ ಗಾಯಕ್‌ವಾಡ್ ಎಂಬ ತರುಣ 1975ರಲ್ಲಿ ತಮಿಳಿನ ‘ಅಪೂರ್ವ ರಾಗಂಗಳ್’ ಚಿತ್ರದಲ್ಲಿ ಕಾಣಿಸಿಕೊಂಡ, 1976ರಲ್ಲಿ ಪುಟ್ಟಣ್ಣ ಕಣಗಾಲರ ‘ಕಥಾಸಂಗಮ’ದಲ್ಲಿ ಕಾಣಿಸಿಕೊಂಡ, ಆಮೇಲೆ ರಜನೀಕಾಂತ್ ಆಗಿ ಏನಾದ ಅಂತ ನಾನು ಹೇಳಬೇಕಾಗಿಲ್ಲ. ನಮ್ಮ ಬಸ್ಸಿನ ಕಂಡಕ್ಟರಿಗೂ ಸ್ಟೈಲು ಕಡಿಮೆಯೇನಿರಲಿಲ್ಲ. ಪೆನ್ನನ್ನು ಕಿವಿಗೆ ಸಿಕ್ಕಿಸುವ ವರಸೆಯೇ ವರಸೆ!

ಹೆಬ್ಬಾಲೆ ಇನ್ನೂ ಬಂದಿರಲಿಲ್ಲ, ಒಂದು ಗಲಾಟೆ ಎದ್ದಿತು. ನಿಂತಿದ್ದ ಮಧ್ಯವಯಸ್ಸಿನ ಒಬ್ಬರು ಯಾರಿಗೂ ಅಲ್ಲದ ಹಾಗೆ, ಎಲ್ಲರಿಗೂ ಕೇಳುವ ಹಾಗೆ ಅಂದರು: “ದುಡ್ಡು ಕೊಟ್ಟೋರು ನಿಂತ್ಕಳದು, ಫ್ರೀ ಬಂದೋರು ಕೂತ್ಕಳದು. ಚೆನ್ನಾಗದೆ ನ್ಯಾಯ!”

2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಶುರುವಾದಂದಿನಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಕರ್ನಾಟಕದ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಪ್ರೈವೇಟ್ ಬಸ್ಸಿನಲ್ಲಿ ದುಡ್ಡು ಉಂಟು. ಸರ್ಕಾರಿ ಬಸ್ಸು ಬಂದರೆ ನೂಕುನುಗ್ಗಲು, ಅದರ ಹಿಂದೆ ಈ ಮಾತು. ಎಲ್ಲ ಬಸ್ಸುಗಳಲ್ಲೂ ಒಂದಲ್ಲ ಒಂದು ದಿನ ಕೇಳಿದ್ದೇನೆ.

ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಮೂರನೆಯ ಸೀಟಿನಲ್ಲಿದ್ದ ಅಜ್ಜಿ ಹಿಂದೆ ತಿರುಗಿದರು. ಮಡಿಲಲ್ಲಿ ತೀರ್ಥದ ಕ್ಯಾನು. ಕೈಯಲ್ಲಿ ಸೊನ್ನೆ ರೂಪಾಯಿಯ ಟಿಕೆಟು.

“ಲೋ ಮಗ, ಇಲ್ ಬಾ. ನೀನ್ ಕೂತ್ಕೊ, ನಾನ್ ನಿಂತ್ಕತೀನಿ. ನಿಮ್ಮವ್ವನ ವಯಸ್ಸಾಯ್ತು ನಂಗೆ. ನಿಂತ್ರೆ ಬೀಳ್ತೀನಿ. ಬಿದ್ರೆ ನೀನೇ ಎತ್ತಬೇಕು, ಆಯ್ತಾ?”

ಇಡೀ ಬಸ್ಸು ಗೊಳ್ಳೆಂದಿತು. ಆ ಮನುಷ್ಯನೂ ನಕ್ಕರು. “ನಿಮಗಲ್ಲ ಕಣಜ್ಜಿ ಹೇಳಿದ್ದು...” ಎಂದು ಕಿವಿ ಕೆಂಪು ಮಾಡಿಕೊಂಡರು. ಅಜ್ಜಿ ಬಿಡಲಿಲ್ಲ. “ಮತ್ಯಾರಿಗಪ್ಪ? ಈ ಮಗಿಗಾ?” ಎಂದು ಪಕ್ಕದ ಕಾಲೇಜು ಹುಡುಗಿಯನ್ನು ತೋರಿಸಿದರು. ಹುಡುಗಿ ತಲೆ ತಗ್ಗಿಸಿಕೊಂಡು ನಗುತ್ತಿದ್ದಳು.

ನನ್ನ ಅಭಿಪ್ರಾಯ ಕೇಳುವುದಾದರೆ, ಆ ಮನುಷ್ಯನದು ಪೂರ್ತಿ ಸುಳ್ಳಲ್ಲ. ಇಡೀ ದಿನ ಗೇಯ್ದು ಬಂದ ಗಂಡಾಳಿಗೂ ಕಾಲು ನೋಯುತ್ತದೆ. ಯೋಜನೆಯ ಆದೇಶದಲ್ಲೇ ಅರ್ಧ ಸೀಟು ಗಂಡಸರಿಗೆ ಎಂದು ಬರೆದಿದೆ, ಬಸ್ಸಿನೊಳಗೆ ಅದನ್ನು ಅಳೆಯುವವರು ಯಾರು? ಆದರೆ ‘ಫ್ರೀ ಬಂದೋರು’ ಅನ್ನುವುದು ತಪ್ಪು. ಆ ಸೊನ್ನೆ ಟಿಕೆಟಿನ ಲೆಕ್ಕದ ಮೇಲೆಯೇ ಸರ್ಕಾರ ನಿಗಮಕ್ಕೆ ದುಡ್ಡು ಕಟ್ಟಿಕೊಡಬೇಕು. ಅದಕ್ಕೇ ಕಂಡಕ್ಟರ್ ಅಷ್ಟು ಹಟ ಹಿಡಿದು ಪ್ರತಿಯೊಬ್ಬರಿಗೂ ಟಿಕೆಟ್ ಹರಿದು ಕೊಡುವುದು. ಸಿಟ್ಟು ಬರಬೇಕಾದದ್ದು ಕೂತ ಅಜ್ಜಿಯ ಮೇಲಲ್ಲ, ಬಾರದೇ ಇರುವ ಎರಡನೇ ಬಸ್ಸಿನ ಮೇಲೆ.

ಗಲಾಟೆ ತಣ್ಣಗಾದ ಮೇಲೆ ಸಿನಿಮಾ ಮಾತು ಶುರುವಾಯಿತು. ಅಹಾ, ಅದನ್ನು ಕೇಳಬೇಕು! ಬೆಂಗಳೂರಿನ ಪತ್ರಿಕೆಗಳಲ್ಲಿ ನಕ್ಷತ್ರ ಎಣಿಸುವ ವಿಮರ್ಶಕರನ್ನೆಲ್ಲ ಒಂದು ದಿನ ಈ ಬಸ್ಸಿಗೆ ಹತ್ತಿಸಬೇಕು ಅನ್ನಿಸುತ್ತದೆ.

“ಸೌಂಡ್ ಜಾಸ್ತಿಯಾಯ್ತು ಕಣಣ್ಣ. ಕಿವಿ ಗುಂಯ್ ಅಂತಾವೆ,” ಅಂದ ಒಬ್ಬ, ‘ಕಾಂತಾರ’ದ ಬಗ್ಗೆ. “ಕಾಸು ಕೊಟ್ಟಿದ್ದಕ್ಕೆ ಸೌಂಡಾದ್ರೂ ಬಂತಲ್ಲ,” ಅಂದ ಇನ್ನೊಬ್ಬ. ಮೂರನೆಯವನದು ಬೇರೆ ತಕರಾರು. “2022ರದ್ದೇ ಚೆನ್ನಾಗಿತ್ತು. ಅದ್ರಲ್ಲಿ ನಮ್ಮಂಥೋರು ಇದ್ರು. ಜಮೀನು, ಫಾರೆಸ್ಟ್‌ನೋರು, ಒಡೆಯನ ಮೋಸ... ಇದ್ರಲ್ಲಿ ಎಲ್ಲಾ ರಾಜ್ರು!” ಈ ಮಾತಿನಲ್ಲಿ ತೂಕ ಇದೆ. ಕಾಡಿನಂಚಿನ ಜಿಲ್ಲೆಯವರಿಗೆ ಅರಣ್ಯ ಇಲಾಖೆಯ ಗಡಿಕಲ್ಲು ಅಂದರೆ ಏನು ಅಂತ ಯಾರೂ ವಿವರಿಸಬೇಕಾಗಿಲ್ಲ. ಮೊದಲ ‘ಕಾಂತಾರ’ ಗೆದ್ದದ್ದು ದೈವದಿಂದ ಎಷ್ಟೋ, ಆ ಗಡಿಕಲ್ಲಿನಿಂದಲೂ ಅಷ್ಟೇ ಎಂದು ನನ್ನ ಲೆಕ್ಕ. ಎರಡನೆಯದು ಕದಂಬರ ಕಾಲಕ್ಕೆ ಹಾರಿತು. ಕಣ್ಣಿಗೆ ಹಬ್ಬ, ಆದರೆ ಎದೆಗೆ ಅಷ್ಟಿಲ್ಲ. ಗುಲ್ಶನ್ ದೇವಯ್ಯ ಕೊಡವ ಮನೆತನದವರು ಎಂಬ ಕಾರಣಕ್ಕೆ ಕಿಟಕಿ ಕಡೆ ಕೂತಿದ್ದ ಒಬ್ಬರು ಅವರಿಗೆ ಪೂರ್ತಿ ನೂರು ಮಾರ್ಕು ಕೊಟ್ಟರು. “ನಮ್ ಜಿಲ್ಲೆ ಅಲ್ವಾ!”

‘ಸು ಫ್ರಮ್ ಸೋ’ಗೆ ಬಸ್ಸಿನಲ್ಲಿ ವಿರೋಧವೇ ಇರಲಿಲ್ಲ. 2025ರ ಜುಲೈ 25ಕ್ಕೆ ಬಂದ ಜೆ.ಪಿ. ತುಮಿನಾಡರ ಆ ಚಿತ್ರದಲ್ಲಿ ದೊಡ್ಡ ಹೀರೋ ಇಲ್ಲ, ಫೈಟಿಲ್ಲ. ಒಂದು ಊರು, ಒಂದು ದೆವ್ವದ ಪುಕಾರು. “ನಮ್ಮೂರಲ್ಲೇ ನಡೆದಂಗದೆ,” ಎಂದಳು ಆ ಕಾಲೇಜು ಹುಡುಗಿ. “ಆದ್ರೆ ಅವ್ರ ಕನ್ನಡ ಅರ್ಧ ಅರ್ಥ ಆಗ್ಲಿಲ್ಲ. ಮಾರ್ರೆ ಮಾರ್ರೆ ಅಂತಾರೆ.” ಅಜ್ಜಿ ಕೇಳಿದರು, “ಮಾರೀನಾ? ಯಾವ ಮಾರಿ?” ಮತ್ತೊಮ್ಮೆ ಗೊಳ್!

ಹಳಬರೊಬ್ಬರು ‘ಬಂಗಾರದ ಮನುಷ್ಯ’ ತೆಗೆದರು. ಬಸ್ಸಿನಲ್ಲಿ ಸಿನಿಮಾ ಮಾತು ಬಂದರೆ ಯಾರಾದರೂ ಒಬ್ಬರು ಅದನ್ನು ತೆಗೆದೇ ತೆಗೆಯುತ್ತಾರೆ. 1972ರ ಚಿತ್ರ, ಬೆಂಗಳೂರಿನ ಸ್ಟೇಟ್ಸ್ ಥಿಯೇಟರಿನಲ್ಲಿ ಎರಡು ವರ್ಷ ಓಡಿದ್ದು. ತಾವು ನೋಡಿದ್ದು ಟೆಂಟಿನಲ್ಲಿ, ಮಳೆ ಬಂದು ಆಟ ನಿಂತು, ಮಾರನೇ ದಿನ ಹೋಗಿ ಉಳಿದರ್ಧ ನೋಡಿದ್ದು ಎಂದರು. “ಬಂಡೆ ಒಡೆದು ಬೇಸಾಯ ಮಾಡಿದ್ ನೋಡಿ, ಬೆಳಗ್ಗೆ ಎದ್ದು ನಮ್ ಹೊಲದ ಕಲ್ಲು ಕಿತ್ತಿದ್ದೆ ಕಣ್ರೀ. ಒಂದೇ ದಿನ. ಮಾರನೇ ದಿನ ಸೊಂಟ ಇಡ್ಕಂತು.”

ಇಷ್ಟೆಲ್ಲ ಮಾತಾಡುವಾಗಲೂ ಒಂದು ಕಟ್ಟುಪಾಡು ಯಾರೂ ಮುರಿಯಲಿಲ್ಲ. ಹೊಸ ಚಿತ್ರದ ಕ್ಲೈಮ್ಯಾಕ್ಸ್ ಹೇಳಬಾರದು! ಕಾರಣ ತಿಳಿದಾಗ ನನಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ನನ್ನ ಪಕ್ಕದಲ್ಲಿದ್ದವರು ಶಿರಂಗಾಲದ ಕಡೆಯ ರೈತರು. ಹಿಂದಿನ ವಾರ ಹೆಂಡತಿಯೊಂದಿಗೆ ಪೇಟೆಗೆ ಹೋಗಿ ಸಂಜೆ ಆಟಕ್ಕೆ ‘ಕಾಂತಾರ’ ನೋಡಿದ್ದರು. ಯಾವ ಪೇಟೆ, ಯಾವ ಥಿಯೇಟರು ಎಂದು ನಾನು ಕೇಳಲಿಲ್ಲ. “ಚೆನ್ನಾಗಿತ್ತಾ?” ಎಂದೆ. “ಮುಕ್ಕಾಲು ಚೆನ್ನಾಗಿತ್ತು,” ಎಂದರು. ಮುಕ್ಕಾಲು ಅಂದರೆ? “ಮುಕ್ಕಾಲೇ ನೋಡಿದ್ದು.”

ಲೆಕ್ಕ ಹಾಕಿ ನೋಡಿ. ಆರೂವರೆಗೆ ಆಟ. ಜಾಹೀರಾತು, ಇಂಟರ್‌ವಲ್ ಸೇರಿ ಎರಡೂ ಮುಕ್ಕಾಲು ಗಂಟೆಯ ಸಿನಿಮಾ ಬಿಡುವ ಹೊತ್ತಿಗೆ ಒಂಬತ್ತೂವರೆ ದಾಟುತ್ತದೆ. ಲಾಸ್ಟ್ ಬಸ್ಸು ಅಷ್ಟು ಹೊತ್ತು ಕಾಯುತ್ತದೆಯೇ? ಬಸ್ಸು ತಪ್ಪಿದರೆ ಆಟೋದವನು ಕೇಳುವ ದುಡ್ಡಿನಲ್ಲಿ ಇನ್ನೆರಡು ಸಿನಿಮಾ ನೋಡಬಹುದು. ಮನೆಯಲ್ಲಿ ಹಸು ಕಾಯುತ್ತಿರುತ್ತದೆ. ಹಾಗಾಗಿ ಗಂಡ ಹೆಂಡತಿ ಇಬ್ಬರೂ ಕತ್ತಲೆಯಲ್ಲಿ ಜನರ ಕಾಲು ತುಳಿದುಕೊಂಡು ಎದ್ದು ಬಂದರು. ಬಾಗಿಲ ಹತ್ತಿರ ನಿಂತು ಒಂದು ನಿಮಿಷ ತಿರುಗಿ ನೋಡಿದರಂತೆ. ಆಮೇಲೆ ಓಟ.

“ಮ್ಯಾಟ್ನಿಗೆ ಹೋಗಬಹುದಿತ್ತಲ್ಲ?”

“ಮ್ಯಾಟ್ನಿ ಹೊತ್ನಲ್ಲಿ ಜೋಳ ಮುರೀತಿದ್ವಲ್ಲ ಸಾರ್.”

ಇದು ಅವರೊಬ್ಬರ ಕಥೆಯಲ್ಲ. ಆ ಬಸ್ಸಿನಲ್ಲೇ ಕೈ ಎತ್ತಿಸಿದ್ದರೆ ಐದಾರು ಮಂದಿ ಸಿಕ್ಕುತ್ತಿದ್ದರು, ಅರ್ಧ, ಮುಕ್ಕಾಲು ಸಿನಿಮಾ ನೋಡಿದವರು. ಮುಂದಿನ ಸಲ ಪೇಟೆಗೆ ಹೋದಾಗ ಮಿಕ್ಕದ್ದು ನೋಡೋಣ ಎಂದು ಇಟ್ಟುಕೊಂಡಿರುತ್ತಾರೆ. ಅಂಥವರ ಎದುರು ಕ್ಲೈಮ್ಯಾಕ್ಸ್ ಹೇಳುವುದು ಉಣ್ಣುವವರ ಎಲೆ ಎಳೆದ ಹಾಗೆ. ರುಕ್ಮಿಣಿ ವಸಂತ್ ಪಾತ್ರ ಕೊನೆಗೆ ಏನು ಮಾಡುತ್ತದೆ ಎಂದು ಅದಕ್ಕೇ ನಾನೂ ಇಲ್ಲಿ ಬರೆಯುವುದಿಲ್ಲ, ಬಿಡಿ.

ಮಿಕ್ಕದ್ದು ನೋಡಬೇಕೆಂದರೆ ಮತ್ತೆ ಪೂರ್ತಿ ಟಿಕೆಟ್ಟು ತೆಗೆದುಕೊಳ್ಳಬೇಕಲ್ಲ! 2025ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಸಿನಿಮಾ ಟಿಕೆಟ್ಟು 200 ರೂಪಾಯಿ ದಾಟಬಾರದು ಎಂದು ನಿಯಮ ತಂದಿತು. ಅದೇ ತಿಂಗಳು ಹೈಕೋರ್ಟಿನಲ್ಲಿ ಅದಕ್ಕೆ ತಡೆ ಬಿತ್ತು. ನಿರ್ಮಾಪಕರು ಕೋಟಿ ಹಾಕಿದ್ದೇವೆ ಅಂತಾರೆ, ಮಲ್ಟಿಪ್ಲೆಕ್ಸಿನವರು ಕುರ್ಚಿ, ಏಸಿ ಅಂತಾರೆ. ಇಬ್ಬರ ಮಾತೂ ಇರಬಹುದು. ಮುಕ್ಕಾಲು ಸಿನಿಮಾಕ್ಕೆ ಮುಕ್ಕಾಲು ರೇಟು ಅಂತ ಮಾತ್ರ ಯಾರೂ ಅಂದಿಲ್ಲ!

ತೊರೆನೂರು ಹಿಂದಾಗಿತ್ತು. ಹಿಂದಿನ ಸೀಟಿನಿಂದ ಇದ್ದಕ್ಕಿದ್ದಂತೆ ಚೆಂಡೆಯ ಸದ್ದು, ಕೂಗು. ನೋಡಿದರೆ ಒಬ್ಬ ಹುಡುಗ ಮೊಬೈಲಿನಲ್ಲಿ ಅದೇ ಚಿತ್ರ ಹಾಕಿಕೊಂಡಿದ್ದಾನೆ. ಥಿಯೇಟರಿನಲ್ಲಿ ಯಾರೋ ಕದ್ದು ತೆಗೆದದ್ದು. ಅಂಚಿನಲ್ಲಿ ಮುಂದಿನ ಸಾಲಿನವನ ತಲೆಯೂ ಕಾಣುತ್ತಿತ್ತು. ಕಿವಿಗೆ ಇಯರ್‌ಫೋನೂ ಇಲ್ಲ. ಇಡೀ ಬಸ್ಸಿಗೆ ಕೇಳುವ ಹಾಗೆ ಹೋಗಿ ಹೋಗಿ ಕ್ಲೈಮ್ಯಾಕ್ಸೇ!

ನನ್ನ ಪಕ್ಕದವರು ಎರಡೂ ಕಿವಿಗೆ ಕೈ ಮುಚ್ಚಿಕೊಂಡರು. ಮಕ್ಕಳು ಸಿಡಿಲಿಗೆ ಮುಚ್ಚಿಕೊಳ್ಳುವ ಹಾಗೆ.

ಕಂಡಕ್ಟರ್ ಹಿಂದಕ್ಕೆ ನಡೆದರು. ಬೈಯುತ್ತಾರೆ ಎಂದುಕೊಂಡೆ. ಇಲ್ಲ. “ತಮ್ಮಾ, ಸೌಂಡ್ ನಿಲ್ಸು. ಇಲ್ಲಿ ಅರ್ಧ ನೋಡಿರೋರು ಅವ್ರೆ,” ಎಂದರು. ಹುಡುಗನಿಗೆ ಅರ್ಥವಾಗಲಿಲ್ಲ. “ಅರ್ಧಾನಾ? ಯಾರಣ್ಣ?” ಜನ ನಮ್ಮ ಸೀಟಿನ ಕಡೆ ನೋಡಿದರು. ಹುಡುಗ ಎದ್ದು ಬಂದ. ಒಳ್ಳೆಯ ಹುಡುಗನೇ. ಮೊಬೈಲು ಚಾಚಿ, “ತಗೊಳ್ಳಿ ಮಾಮ, ಮಿಕ್ಕಿದ್ದು ನೋಡ್ಬಿಡಿ, ಹದಿನೈದೇ ನಿಮಿಷ,” ಎಂದ.

ರೈತರು ಕಿವಿಯಿಂದ ಕೈ ತೆಗೆದರು. ಆ ಪುಟ್ಟ ಪರದೆಯನ್ನು ನೋಡಿದರು. ಅದರಲ್ಲಿ ರಿಷಬ್ ಶೆಟ್ಟಿ ಬೆರಳಿನಷ್ಟು ಇದ್ದರು. ಆಸೆ ಇರಲಿಲ್ಲ ಅಂತ ಹೇಳಲಾರೆ. ಕಣ್ಣು ಒಂದು ಗಳಿಗೆ ಅಲ್ಲೇ ನಿಂತಿತು.

“ಬ್ಯಾಡ ಕಣ್ ಮಗ,” ಎಂದರು. “ನಮ್ಮನೆಯೋಳೂ ನೋಡಿಲ್ಲ.”

ಹುಡುಗ ಮೊಬೈಲು ಜೇಬಿಗೆ ಇಟ್ಟುಕೊಂಡ. ಸೀಟಿಗೆ ಹೋಗಲಿಲ್ಲ, ಅಲ್ಲೇ ಕಂಬಿ ಹಿಡಿದು ನಿಂತು, ಕೊಣನೂರಿನ ಕಡೆಯವನೆಂದೂ ಗೆಳೆಯನ ಬೈಕು ಇದೆಯೆಂದೂ ಹೇಳಿ, ದೀಪಾವಳಿಯ ರಜೆಯಲ್ಲಿ ಚಿತ್ರ ಇನ್ನೂ ಓಡುತ್ತಿರುತ್ತದೆ, ಮಾರ್ನಿಂಗ್ ಷೋ ಇದೆ ಎಂದು ವಿವರಿಸತೊಡಗಿದ. ಮಾರ್ನಿಂಗ್ ಷೋ ಬಿಟ್ಟ ಮೇಲೆ ಯಾವ ಬಸ್ಸು, ಅದು ತಪ್ಪಿದರೆ ಯಾವುದು ಎಂದು ಕಂಡಕ್ಟರೂ ಸೇರಿಕೊಂಡರು. ಹಸು ಹಾಲು ಕರೆಯುವುದು ಎಷ್ಟು ಹೊತ್ತಿಗೆ, ಕೆಲಸಕ್ಕೆ ಬರುವ ಆಳಿಗೆ ರಜೆ ಯಾವತ್ತು ಎಂಬುದೂ ಚರ್ಚೆಗೆ ಬಂತು. ತೀರ್ಥದ ಅಜ್ಜಿ ಮಧ್ಯೆ ಬಾಯಿ ಹಾಕಿ, “ನಾನೂ ಬತ್ತೀನಿ ಕಣಪ್ಪ, ನಂಗೆ ಬಸ್ಸು ಫ್ರೀ,” ಎಂದರು. ಫ್ರೀ ಎಂದಾಗ ಆ ನಿಂತಿದ್ದ ಮನುಷ್ಯನ ಕಡೆ ಒಂದು ನೋಟ! ಅವರಿಗೆ ಅಷ್ಟರಲ್ಲಿ ಸೀಟು ಸಿಕ್ಕಿತ್ತು, ನಿದ್ದೆ ಬಂದಿತ್ತು.

ಶಿರಂಗಾಲ ಬಂತು. ಚೀಲ, ಕ್ಯಾನು, ಮಕ್ಕಳು ಕೈಯಿಂದ ಕೈಗೆ ಇಳಿದವು. ರೈತರು ಇಳಿದು, ಕಿಟಕಿಯ ಹತ್ತಿರ ಬಂದು ನನ್ನನ್ನು ಕೇಳಿದರು: “ನೀವು ಪೂರ್ತಿ ನೋಡಿದೀರಲ್ವಾ ಸಾರ್? ಕೊನೇದು ಹೇಳ್ಬೇಡಿ. ಚೆನ್ನಾಗಿದ್ಯಾ ಇಲ್ವಾ, ಅಷ್ಟು ಮಾತ್ರ ಹೇಳಿ.”

“ಚೆನ್ನಾಗಿದೆ, ಹೋಗಿ ನೋಡಿ,” ಎಂದೆ. ಕಂಡಕ್ಟರ್ ‘ರೈಟ್’ ಎಂದರು.